ಆಚಾರ್ಯ ಎಂಬ ಹೆಸರು ಬಂದ ಮೇಲೆ

ಕರಿಬಯಲು ಇಳಿದಾಣ,
ಕೃಷ್ಣೆಯ ಹಿನ್ನೀರಿನ ದಂಡೆ,
೩೦ ಫೆಬ್ರವರಿ ೨೧೬೩

ಮಾನ್ಯರೇ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನಗಳಿವೆ. ಯಾಕೆ ಹಾಗಾಯಿತೆಂದು ವಿವರಿಸಲು ಹೊರಟರೆ ಹೇಳಬೇಕಾದದ್ದು ಹಿಂದುಳಿಯುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಕಚೇರಿಯೊಂದು ನಮ್ಮಲ್ಲಿದೆ. ಅದಕ್ಕೆ ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ ಕಳಿಸುವ ಅವಕಾಶ. ನನ್ನ ಸಹೋದ್ಯೋಗಿಗಳು ತೀರಿಹೋದ ಅಜ್ಜಿಯರಿಗೋ ಮುತ್ತಜ್ಜರಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಎರಡು ಆಸನದ ಹಗುರ ವಿಮಾನ ಕಲಿಸುವವರನ್ನು ಏನೆಂದು ಕರೆಯಬೇಕೆಂದು ತೀರ್ಮಾನಿಸಲು ನೀವೊಂದು ಸಮಿತಿ ಮಾಡಿಕೊಂಡು ಕೂತಿದ್ದೀರೆಂದು ನಮ್ಮ ಹಳೆಯ ದಾಖಲೆಗಳಲ್ಲಿ ಓದಿದೆ.

ಅಂಥ ವಿಮಾನಕ್ಕೆ ನಾವು ಹಗುರಿ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದು ಬಿಡುವಿನ ದಿನದ ಮೋಜಾಗಿತ್ತಂತೆ. ನಮಗೆ ಅದು ಹೊಟ್ಟೆಪಾಡು. ಹಿನ್ನೀರು ಊರುಗಳ ನಡುವೆ ನುಗ್ಗಿ ದಾರಿಗಳೆಲ್ಲ ಮುಳುಗಿದ ಮೇಲೆ ದನದ ಡಾಕ್ಟರು, ಹೆರಿಗೆ ನರ್ಸು, ಶಾಲೆಯ ಮಾಸ್ತರು ಎಲ್ಲರೂ ಹಗುರಿ ಹಾರಿಸಲು ಕಲಿಯಲೇಬೇಕಾಯಿತು. ಬೆಳಿಗ್ಗೆ ಏಳಕ್ಕೆ ನಮ್ಮ ಇಳಿದಾಣದಲ್ಲಿ ನಿಂತರೆ ರೆಕ್ಕೆ ಮಡಚಿದ ಹಗುರಿಗಳನ್ನು ಸೈಕಲ್ಲು ತಳ್ಳುವ ಹಾಗೆ ತಳ್ಳಿಕೊಂಡು ಬರುವವರು ಕಾಣುತ್ತಾರೆ. ಬುತ್ತಿ ಗಂಟನ್ನು ಹಿಂದಿನ ಆಸನಕ್ಕೆ ಕಟ್ಟಿ, ರೆಕ್ಕೆ ಬಿಚ್ಚಿ, ಕೀಲಿಗೆ ಪಿನ್ನು ಹಾಕಿ, ಗಾಳಿಯ ದಿಕ್ಕು ತಿಳಿಯಲು ಕಂಬದ ಮೇಲಿನ ಗಾಳಿಚೀಲ ಯಾವ ಕಡೆ ತೂಗುತ್ತಿದೆಯೆಂದು ನೋಡಿ ಹೊರಡುತ್ತಾರೆ. ಇವರಿಗೆಲ್ಲ ಕಲಿಸಿದವರು ನಾವು. ಆದರೆ ಕಾಯಿದೆಯಲ್ಲಿ ನಮ್ಮ ಹೆಸರು ನಿಮ್ಮ ಕಾಲದಿಂದ ಬಂದದ್ದೇ ಉಳಿದಿತ್ತು: ಕ್ರೀಡಾ ಬೋಧಕರು. ಜನರ ಬಾಯಲ್ಲಿ ಅದು ಆಟದ ಮಾಸ್ತರು ಆಯಿತು. ಮದುವೆಯವರು ಬಂದು, ಚಪ್ಪರದ ಮೇಲೆ ಹೂವು ಉದುರಿಸಿ ಹೋಗಿ ಎನ್ನುತ್ತಿದ್ದರು. ನಾವು ಉದುರಿಸಿ ಬರುತ್ತಿದ್ದೆವು.

ನನಗೆ ಹಾರಲು ಕಲಿಸಿದವರು ಇಮಾಂಬಿ ನದಾಫ. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಮೂವತ್ತು ವರ್ಷಗಳ ಹಿಂದೆ ಅವರ ಬಳಿ ಸಂಗನಬಸವ ಬಿರಾದಾರ ಎಂಬ ದನದ ಡಾಕ್ಟರು ಕಲಿಯುತ್ತಿದ್ದರು. ನಾನಾಗ ಅಕ್ಕಾರ ಕೈಕೆಳಗೆ ಬೋಧಕಿಯಾಗಿ ಹೊಸದಾಗಿ ಸೇರಿದ್ದೆ. ಡಾಕ್ಟರ ಕೈ ಚುರುಕಾಗಿತ್ತು. ಆದರೆ ಅಡ್ಡಗಾಳಿ ಬೀಸಿದಾಗ ಇಳಿಯುವ ಅವಸರದಲ್ಲಿ ಹಗುರಿಯ ಮೂತಿಯನ್ನು ಬೇಗ ಎತ್ತಿಬಿಡುತ್ತಿದ್ದರು. ಒಬ್ಬರೇ ಹಾರಬಹುದೆಂದು ಬರೆದುಕೊಡಲು ಅಕ್ಕಾರು ಒಪ್ಪಲಿಲ್ಲ. ಡಾಕ್ಟರು ಸೋಮವಾರ ಕೆಲಸಕ್ಕೆ ಹಾಜರಾಗಬೇಕಿತ್ತು. ಆರು ಊರಿನ ದನಗಳಲ್ಲಿ ಕಾಲುಬಾಯಿ ಜ್ವರ ಎದ್ದಿತ್ತು. ಪರವಾನಗಿ ಕೊಡುವ ಹಾರಾಟ ಮಂಡಳಿ ಮುನ್ನೂರು ಜನರ ವಿಮಾನ ನಡೆಸುವ ಕ್ಯಾಪ್ಟನ್ ಒಬ್ಬರನ್ನು ಕಳಿಸಿತು. ಅವರು ನಸುಕಿನ ನಿಶ್ಚಲ ಗಾಳಿಯಲ್ಲಿ ಡಾಕ್ಟರ ಜೊತೆ ಒಂದು ಸುತ್ತು ಹಾಕಿ ಬಂದು ಸಹಿ ಮಾಡಲು ಪೆನ್ನು ತೆಗೆದರು.

ಅಕ್ಕಾರು ಹತ್ತಿರ ಹೋಗಿ, "ಸಾಹೇಬ್ರ, ಹನ್ನೊಂದರ ತನಕ ನಿಲ್ರಿ. ಗಾಳಿ ಏಳತೈತಿ. ಆವಾಗ ಒಂದ್ಸಲ ಇಳಿಸಿ ನೋಡ್ರಿ," ಎಂದರು.

ಕ್ಯಾಪ್ಟನ್ ಕೆಟ್ಟ ಮನುಷ್ಯರಲ್ಲ. ನಗುತ್ತಲೇ, "ನೀವು ಕ್ರೀಡಾ ಬೋಧಕರಲ್ವಾ ಅಮ್ಮ? ಆಟ ಚೆನ್ನಾಗಿ ಕಲಿಸಿದ್ದೀರಿ. ಇದನ್ನ ನಮಗೆ ಬಿಡಿ," ಎಂದು ಸಹಿ ಹಾಕಿದರು.

ಡಾಕ್ಟರು ಕೆಲಸಕ್ಕೆ ಹೋದ ನಾಲ್ಕನೆಯ ದಿನ, ಗುರುವಾರ ಮಧ್ಯಾಹ್ನ, ಅಡ್ಡಗಾಳಿಯಲ್ಲಿ, ನಮ್ಮ ಕಣ್ಣೆದುರಿಗೇ ಡಾಕ್ಟರ ಹಗುರಿ ಮೂತಿ ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಮಗುಚಿ ಬಿತ್ತು. ಅಕ್ಕಾರು ಓಡಿದರು. ನನಗೆ ಓಡಲಾಗಲಿಲ್ಲ. ಡಾಕ್ಟರು ಉಳಿಯಲಿಲ್ಲ. ಅವರಿಗೆ ಮೂವತ್ತೊಂದು ವರ್ಷ. ವಿಚಾರಣೆಯಲ್ಲಿ ಅಕ್ಕಾರು ಬರೆದಿಟ್ಟ ಟಿಪ್ಪಣಿಯನ್ನು ಮಂಡಿಸಿದಾಗ, ಕ್ರೀಡಾ ಬೋಧಕಿಯ ಅನಿಸಿಕೆಯನ್ನು ತಜ್ಞರ ಅಭಿಪ್ರಾಯವೆಂದು ಪರಿಗಣಿಸಲಾಗದು ಎಂದು ಬರೆದು ಮಂಡಳಿಯವರು ಕಡತ ಮುಚ್ಚಿದರು.

ಆ ಸಾಲು ಓದಿದ ದಿನವೇ ನಾನು ಹೆಸರು ಬದಲಿಸಲು ಹೊರಟೆ. ಅಕ್ಕಾರು ಬೇಡಿದ್ದು ಅದನ್ನಲ್ಲ. "ನನಗ ಹೆಸರ ಏನೂ ಬ್ಯಾಡ ನೀಲಾ. ನಾ ತಡೀರಿ ಅಂದ್ರ ತಡೀಬೇಕು, ಅಷ್ಟ," ಎಂದಿದ್ದರು. ಆದರೆ ಕಚೇರಿಯಿಂದ ಕಚೇರಿಗೆ ಅಲೆದಂತೆ ನನಗೊಂದು ತಿಳಿಯಿತು. ಅಧಿಕಾರ ಕೊಡಿ ಎಂದರೆ ಎಲ್ಲರೂ ಹಿಂಜರಿಯುತ್ತಾರೆ. ಗೌರವ ಕೊಡಿ ಎಂದರೆ ಬೇಗ ಒಪ್ಪುತ್ತಾರೆ. ಒಂಬತ್ತು ವರ್ಷ ಹೋರಾಡಿದ ಮೇಲೆ ನಮಗೆ ವ್ಯೋಮಾಚಾರ್ಯ ಎಂಬ ಬಿರುದು ಬಂತು. ಕಡುನೀಲಿ ಕೋಟು ಬಂತು. ಆಚಾರ್ಯರ ಮಾತೇ ಪ್ರಮಾಣ ಎಂಬ ವಾಕ್ಯ ಕಾಯಿದೆಗೆ ಸೇರಿತು. ಶಾಲೆಯ ಗೋಡೆಗಳ ಮೇಲೆ ನಮ್ಮ ಚಿತ್ರ ಬರೆದರು. ಹೂವು ಉದುರಿಸಲು ಕರೆಯುತ್ತಿದ್ದ ಮನೆಯವರು ಈಗ ಮದುವೆಯಲ್ಲಿ ಮೊದಲ ಸಾಲಿನ ಕುರ್ಚಿಗೆ ಕರೆದೊಯ್ಯತೊಡಗಿದರು. ಸುಳ್ಳು ಯಾಕೆ ಹೇಳಲಿ, ನನಗದು ಹಿತವಾಗಿತ್ತು. ಅಕ್ಕಾರು ಆ ಕೋಟನ್ನು ಒಮ್ಮೆಯೂ ತೊಡಲಿಲ್ಲ. ಸೆಕೆ ಆಗುತ್ತದೆ ಎಂದರು. ಮರು ವರ್ಷ ತೀರಿಕೊಂಡರು.

ಈಗ ಹೋದ ವರ್ಷದ ಮಾತಿಗೆ ಬರುತ್ತೇನೆ. ಫಕೀರವ್ವ ತಳವಾರ ಎಂಬ ಇಪ್ಪತ್ತಾರು ವರ್ಷದ ಹೆರಿಗೆ ನರ್ಸು ನನ್ನ ಶಿಷ್ಯೆ. ಕಣ್ಣು ಬಹಳ ಸೂಕ್ಷ್ಮ. ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಹಗುರಿಯ ರೆಕ್ಕೆ ಬಿಚ್ಚಿದ ಮೇಲೆ ಕೀಲಿನ ಪಿನ್ನು ಪೂರ್ತಿ ಒಳಗೆ ಕೂರಬೇಕು. ಕೂತರೆ ಅದರ ಕೆಂಪು ತುದಿ ಕಾಣುವುದಿಲ್ಲ, ಕಂಡರೆ ಹಾರಬಾರದು. ನಾನು ಮೊದಲ ದಿನ ಕಲಿಸುವ ಪಾಠವೇ ಇದು. ಆ ಬೆಳಿಗ್ಗೆ ಒಂದು ಶಾಲೆಯ ಮಕ್ಕಳು ಇಳಿದಾಣ ನೋಡಲು ಬಂದಿದ್ದರು. ಅವರ ಶಿಕ್ಷಕಿ ನನ್ನ ಪಕ್ಕ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಸುತ್ತಿದ್ದರು. ನಾನು ಅವರತ್ತ ನೋಡುತ್ತ, ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಎಡರೆಕ್ಕೆಯ ಮೇಲೆ ಕೈಯಾಡಿಸಿ, "ಎಲ್ಲಾ ಸರಿ ಐತಿ, ಹತ್ತು," ಎಂದೆ. ಫಕೀರವ್ವ ಒಂದು ಕ್ಷಣ ನಿಂತಳು. ನಾನು ಅದನ್ನು ಗಮನಿಸಿದೆ. ಯಾಕೆಂದು ಕೇಳಲಿಲ್ಲ.

ನೆಲ ಬಿಟ್ಟು ಮೂರು ತೆಂಗಿನಮರದೆತ್ತರ ಏರಿದ್ದೆವು. ಎಡರೆಕ್ಕೆ ನಡುಗತೊಡಗಿತು. ನಾನು ತಿರುಗಿಸಿ ಹಿನ್ನೀರಿನ ಅಂಚಿನ ಕೆಸರಿಗೆ ಇಳಿಸಲು ನೋಡಿದೆ. ಕೊನೆಯ ಗಳಿಗೆಯಲ್ಲಿ ರೆಕ್ಕೆ ಮಡಚಿಕೊಂಡಿತು. ನನ್ನ ಹೆಗಲ ಮೂಳೆ ಮುರಿಯಿತು. ಫಕೀರವ್ವನ ಬಲಗೈ ಕಬ್ಬಿಣದ ಚೌಕಟ್ಟಿನಡಿ ಸಿಕ್ಕಿಕೊಂಡಿತು. ಮಣಿಕಟ್ಟಿನಿಂದ ಕೆಳಗೆ ಕತ್ತರಿಸಬೇಕಾಯಿತು. ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಎತ್ತಿಕೊಂಡ ಕೈ ಅದು.

ಎಂಟು ದಿನದ ಮೇಲೆ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು, "ಕೆಂಪು ತುದಿ ಕಂಡಿತ್ತಾ?" ಎಂದು ಕೇಳಿದೆ.

"ಕಂಡಿತ್ತರಿ," ಎಂದಳು.

"ಯಾಕ ಹೇಳಲಿಲ್ಲ?"

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ನೀವ ಕೈ ಮುಟ್ಟಿ ನೋಡಿದ್ರಿ. ಆಚಾರ್ಯರು ನೋಡಿದ ಮ್ಯಾಲ ನಾ ಹೆಂಗ ಹೇಳೂದ್ರಿ? ನನ್ನ ಕಣ್ಣ ತಪ್ಪಿರಬೇಕು ಅನಿಸ್ತು."

ಮಂಡಳಿಯ ವರದಿ ಬಂತು. ವ್ಯೋಮಾಚಾರ್ಯರು ರೆಕ್ಕೆಯನ್ನು ಸ್ವತಃ ಪರೀಕ್ಷಿಸಿದ್ದರಿಂದ ಪಿನ್ನು ಸರಿಯಾಗಿಯೇ ಇತ್ತು ಎಂದು ಅದರಲ್ಲಿ ಬರೆದಿದ್ದರು. ಹತ್ತುವಾಗ ಶಿಷ್ಯೆಯ ಅಜಾಗ್ರತೆಯಿಂದ ಸಡಿಲಾಗಿರಬೇಕು ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ನಾನು ಅಧ್ಯಕ್ಷರ ಕೋಣೆಗೆ ಹೋಗಿ, ತಪ್ಪು ನನ್ನದು, ನಾನು ನೋಡಲೇ ಇಲ್ಲ ಎಂದು ಹೇಳಿದೆ. ಅವರು ಬಾಗಿಲು ಹಾಕಿಸಿದರು.

"ನೀಲಾಂಬಿಕೆಯವರೇ, ಈ ಹೆಸರು ತಂದವರೇ ನೀವು. ಒಬ್ಬ ಆಚಾರ್ಯರು ನೋಡದೇ ಸರಿ ಅಂದ್ರು ಅಂತಾದ್ರೆ ನಾಳೆಯಿಂದ ಯಾರು ಯಾರ ಮಾತು ನಂಬ್ತಾರೆ? ಆ ಹುಡುಗಿಗೆ ಬೇರೆ ಕೆಲಸ ಕೊಡಿಸೋಣ. ಸಹಿ ಮಾಡಿ," ಎಂದರು.

ಆ ಕಾಗದವನ್ನು ಮನೆಗೆ ತಂದು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಕೂಡಲೇ ಹರಿದೆಸೆದೆ ಎಂದು ನಿಮಗೆ ಬರೆಯುವ ಆಸೆ ಇದೆ. ಆದರೆ ಎರಡು ದಿನ ಇಟ್ಟುಕೊಂಡಿದ್ದೆ. ಮೂರನೆಯ ದಿನ ನಡೆದದ್ದನ್ನು ನನ್ನ ಕೈಯಲ್ಲೇ ಬರೆದು, ಮಂಡಳಿಗೂ ಪತ್ರಿಕೆಗಳಿಗೂ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಫಕೀರವ್ವನ ಹೆಸರಿನಿಂದ ಆರೋಪ ಅಳಿಸಿದರು. ನನ್ನ ಪರವಾನಗಿ ಹೋಯಿತು, ಬಿರುದೂ ಹೋಯಿತು. ಜೊತೆಯವರಲ್ಲಿ ಹಲವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಆಚಾರ್ಯರ ಮಾತೇ ಪ್ರಮಾಣ ಎಂಬ ವಾಕ್ಯ ಮಾತ್ರ ಕಾಯಿದೆಯಲ್ಲಿ ಹಾಗೆಯೇ ಇದೆ. ಇವತ್ತು ಬೆಳಿಗ್ಗೆಯೂ ಇಲ್ಲಿಂದ ಇಪ್ಪತ್ತು ಶಿಷ್ಯರು ಹಾರಿದರು. ಅವರಲ್ಲಿ ಯಾರಿಗೆ ಏನು ಕಂಡಿತ್ತೋ, ಯಾರು ಬಾಯಿ ಮುಚ್ಚಿಕೊಂಡು ಹತ್ತಿದರೋ ನನಗೆ ಗೊತ್ತಿಲ್ಲ.

ಫಕೀರವ್ವ ಈಗ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಎಡಗೈಯಲ್ಲಿ ಬರೆಯಲು ಕಲಿತಿದ್ದಾಳೆ. ಹೋದ ವಾರ ಭೇಟಿಯಾದಾಗ, ಇನ್ನಾದರೂ ನನ್ನನ್ನು ಹೆಸರು ಹಿಡಿದು ಕರಿ ಎಂದೆ. ಅವಳು ನಕ್ಕಳು. "ಬಾಯಿಗಿ ಬರೂದಿಲ್ಲರಿ, ಆಚಾರ್ಯರ," ಎಂದಳು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ.

ಮಾನ್ಯರೇ, ನೀವು ಕೊಡುವ ಹೆಸರು ತೀರ ಸಣ್ಣದಾದರೆ ಏನಾಗುತ್ತದೆಂದು ಕಂಡಿದ್ದೇನೆ. ತೀರ ದೊಡ್ಡದಾದರೆ ಏನಾಗುತ್ತದೆಂಬುದನ್ನು ನಾನೇ ಮಾಡಿ ನೋಡಿದ್ದೇನೆ. ಯಾವ ಪದ ಸರಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಪದವನ್ನು ಬರೆದು ಮುಗಿಸುವ ಮೊದಲು ಈಗ ತಾನೇ ಕಲಿಯಲು ಬಂದ ಯಾರನ್ನಾದರೂ ಸಮಿತಿಯ ಮುಂದೆ ಕರೆಸಿ. ಆ ಪದದಿಂದ ನಿಮ್ಮನ್ನು ಕರೆದು, ಅದರ ಬೆನ್ನಿಗೇ, "ತಡೀರಿ, ನೀವು ಸರಿಯಾಗಿ ನೋಡಿಲ್ಲ," ಎಂದು ಗಟ್ಟಿಯಾಗಿ ಹೇಳಲು ತಿಳಿಸಿ. ಅವರ ದನಿ ನಡುಗಿದರೆ ಆ ಪದವನ್ನು ಹೊಡೆದುಹಾಕಿ, ಇನ್ನೊಂದನ್ನು ಹುಡುಕಿ.

ಇತಿ,
ನೀಲಾಂಬಿಕೆ ಕೆರೂರ