ವೀರಗಲ್ಲಿನ ಬುಡದ ಉಪ್ಪು

11 ಫೆಬ್ರುವರಿ 2025, ಮಂಗಳವಾರ. ಗಬ್ಬೂರು

ಇವತ್ತು ಬಾಯಿ ಬಿಟ್ಟೆ, ಸಾಲಲಿಲ್ಲ.

ನರಹುಲಿ ಹೋಗಲೆಂದು ಹರಕೆ ಹೊತ್ತವರು ನಮ್ಮ ಓಣಿಯ ವೀರಗಲ್ಲಿನ ಬುಡಕ್ಕೆ ಉಪ್ಪು ಸುರಿದು, ಕರಗಲೆಂದು ಕೊಡ ನೀರು ಹಾಕುತ್ತಾರೆ. ಕಲ್ಲು ಆ ನೀರನ್ನು ಹೀರುತ್ತದೆ. ಬಿಸಿಲಿಗೆ ನೀರು ಆರಿದ ಮೇಲೆ ಒಳಗಿನ ಉಪ್ಪು ಹರಳುಗಟ್ಟಿ ಕಲ್ಲನ್ನೇ ಒಡೆಯುತ್ತದೆ. ಹೋದ ವರ್ಷ ನಾನು ಓದಿ ಬರೆದುಕೊಂಡಿದ್ದ ವೀರನ ಹೆಸರಿನಲ್ಲಿ ಈಗ ಎರಡೇ ಅಕ್ಷರ ಉಳಿದಿವೆ. ಬೆರಳಿಟ್ಟರೆ ಹಿಟ್ಟು.

ಸಂಜೆ ಬಂಡೆಮ್ಮತ್ತೆ ಉಪ್ಪಿನ ಪೊಟ್ಟಣ ಬಿಚ್ಚುತ್ತಿದ್ದಳು. "ಅತ್ತಿ, ಉಪ್ಪಿಗೆ ಕಲ್ಲು ಉದುರಾಕತ್ತದ" ಎಂದೆ.

"ಏನ್ ಬೇ, ಇರುವಿ ಮಾತಾಡಿದಂಗ ಸಣ್ಣ ದನಿಲೆ ಮಾತಾಡ್ತಿ! ಸಣ್ಣಾಕಿದ್ದಾಗ ನಿನ್ನ ಗದ್ದದ ನರೂಲಿ ಉದುರಿದ್ದೂ ಇಲ್ಲೇ. ನಾನೇ ಉಪ್ಪು ಹಾಕಿದ್ದೆ" ಎಂದು ನಗುತ್ತಾ ಸುರಿದಳು.

ಹಾಗಾದರೆ ಆ ಕಲ್ಲಿನಲ್ಲಿ ನನ್ನ ಉಪ್ಪೂ ಇದೆ.

ನಾಳೆ ಹುಣ್ಣಿಮೆ, ಹರಕೆಯವರೆಲ್ಲ ಬರುತ್ತಾರೆ. ಬೆಳಕು ಹರಿಯುವ ಮುಂಚೆ ಕಲ್ಲಿನಿಂದ ನಾಲ್ಕು ಹೆಜ್ಜೆ ಈಚೆ ನೀರು ತುಂಬಿದ ಟಬ್ ಇಟ್ಟು ನಿಲ್ಲುತ್ತೇನೆ. ಉಪ್ಪು ಅದರಲ್ಲೂ ಕರಗುತ್ತದೆ. "ಯವ್ವಾ, ಇದರಾಗ ಹಾಕ್ರಿ." ಕನ್ನಡಿ ಮುಂದೆ ಹತ್ತು ಸಲ ಹೇಳಿ ನೋಡಿದೆ. ದನಿ ಇನ್ನೂ ನಡುಗುತ್ತದೆ. ನಡುಗಲಿ. ಅತ್ತೆ ನಕ್ಕರೆ ನಗಲಿ. ಟಬ್ ಮಾತ್ರ ತೆಗೆಯುವುದಿಲ್ಲ.