ಬಗ್ಗುವ ಗಾಡಿ

ಮಲ್ಲೇಶ್ವರಂ
ಶುಕ್ರವಾರ

ಅಳಿಯ ನಿಶಾಂತನಿಗೆ ಸೋದರಮಾವನ ಆಶೀರ್ವಾದ.

ನೀನು ನೋಡಿಟ್ಟಿರುವ ಸೆಕೆಂಡ್ ಹ್ಯಾಂಡ್ ಎಸ್‌ಯುವಿಗೆ ಸ್ಪ್ರಿಂಗಿನ ಬದಲು ಗಾಳಿಚೀಲದ ಏರ್ ಸಸ್ಪೆನ್ಷನ್ ಇದೆ, ಕೆಟ್ಟರೆ ಖರ್ಚು ಜಾಸ್ತಿ, ತಗೊಳ್ಳಲಾ ಬೇಡವಾ ಎಂದು ನನ್ನನ್ನು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ. ಆದರೆ ಸಂತೆಯಲ್ಲಿ ನಾನು ಆರಿಸಿದ ಎತ್ತು ಒಂದೂ ಕುಂಟಲಿಲ್ಲ. ಮಲಗಿದ ಎತ್ತು ಹೇಗೆ ಏಳುತ್ತದೆಂದು ನೋಡದೆ ನಾನು ಹಗ್ಗ ಹಿಡಿದವನಲ್ಲ. ನಿನ್ನೆ ಬೆಳಿಗ್ಗೆ ಷೋರೂಮಿನವರು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನಿಂತೆ. ಗಾಳಿಚೀಲ ಸೋರುತ್ತಿದ್ದರೆ ರಾತ್ರಿ ಕಳೆಯುವುದರೊಳಗೆ ಗಾಡಿ ಕುಕ್ಕರಿಸಿರುತ್ತಿತ್ತು. ಒಂದು ಮೂಲೆಯೂ ಕುಸಿದಿರಲಿಲ್ಲ.

ಆಮೇಲೆ ಟ್ರಯಲ್ ನೆಪದಲ್ಲಿ ಅದನ್ನು ನಿಮ್ಮ ಮನೆ ಮುಂದಕ್ಕೇ ತರಿಸಿದೆ. ಬೈಯಬೇಡ. ಸೊಂಟದ ಆಪರೇಷನ್ ಆದಮೇಲೆ ನಿಮ್ಮಮ್ಮ ಯಾವ ಕಾರನ್ನೂ ಹತ್ತಿಲ್ಲ. ಎತ್ತಿ ಕೂರಿಸಲು ಹೋದರೆ, "ನಾನೇನು ಅಕ್ಕಿ ಮೂಟೆನಾ?" ಎನ್ನುತ್ತಾಳೆ.

ಗಾಳಿ ಇಳಿಸುವ ಗುಂಡಿ ಒತ್ತಿಸಿದೆ. ಗಾಡಿ ಮೆಲ್ಲಗೆ ತಗ್ಗಿತು. ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟು, ತಾನೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.

"ನೋಡೋ ಬೈರ, ಗಾಡಿನೇ ಬಗ್ತು. ನೀನು ಹುಟ್ಟಿದಾಗಿಂದ ಒಂದಿನಾನಾದ್ರೂ ಬಗ್ಗಿದ್ಯಾ?" ಅಂದಳು.

ಬಗ್ಗಿದೆ. ಅವಳ ಚಪ್ಪಲಿ ಕೆಳಗೆ ಬಿದ್ದಿತ್ತು.

ಗಾಡಿ ತಗೋ. ದುಡ್ಡು ಕೊಡುವ ಮುಂಚೆ ಗಾಳಿ ತುಂಬುವ ಕಂಪ್ರೆಸರ್ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸು. ಯಾರ ಕಾರಾದರೂ ಮುಂದಿನ ಸೀಟು ನನ್ನದೇ ಎಂದು ನಿನಗೆ ಗೊತ್ತಲ್ಲ? ಈ ಗಾಡಿಯಲ್ಲಿ ಮಾತ್ರ ನಾನು ಹಿಂದೆ ಕೂರುತ್ತೇನೆ.

ಇಂತಿ ನಿನ್ನ ಸೋದರಮಾವ,
ದೊಡ್ಡಬೈರಪ್ಪ