ನೆಲಕ್ಕೆ ಬಿದ್ದ ಮದ್ದು

ಜೂನ್ 9, ಶುಕ್ರವಾರ. ರಾತ್ರಿ 9
ಇವತ್ತೂ ಕಾರ್ಖಾನೆಯಲ್ಲಿ ಸೈನ್ಯದ ಕೋವಿಮದ್ದಿನ ಡ್ರಮ್ಮುಗಳೇ. ನಲವತ್ತೆರಡು ತುಂಬಿದೆವು. ಅಂಗಡಿಗೆ ಹೋಗುವ ಸಣ್ಣ ಡಬ್ಬಿಗಳ ಸಾಲು ಈ ತಿಂಗಳು ಓಡಿದ್ದು ಎರಡೇ ದಿನ. ಎಲ್ಲೋ ಯುದ್ಧ. ಫಿರಂಗಿಗೆ ಮೊದಲು, ರೈತನ ಕೋವಿಗೆ ಆಮೇಲೆ. ಮದ್ದು ಮಾಡುವ ಹತ್ತಿಯ ನಾರೂ ಹಡಗಿನಲ್ಲಿ ಬರಬೇಕು... ಬರುತ್ತಿಲ್ಲ.

ತಮ್ಮ ಡಾರಿಲ್ ಊಟಕ್ಕೆ ಬಂದಿದ್ದ. ನರಿಗಳು ಹನ್ನೊಂದು ಕುರಿಮರಿ ಎತ್ತಿವೆ. ಮೂವತ್ತು ವರ್ಷದಿಂದ ಕೋವಿಯ ತೋಟಾಕ್ಕೆ ಮದ್ದು ತಾನೇ ತುಂಬಿಕೊಳ್ಳುವವನು, ಈಗ ಕೈ ಖಾಲಿ.

"ಅಕ್ಕಾ, ನೀನು ದಿನಾ ಮದ್ದಲ್ಲೇ ಮುಳುಗೇಳ್ತೀಯ. ನಂಗೊಂದು ಡಬ್ಬಿ ಇಲ್ಲ. ಡೇರಿಯವಳ ತಮ್ಮ ಕರಿ ಟೀ ಕುಡಿದ ಹಾಗಾಯ್ತು."

ನಕ್ಕೆ. ಅವನ ತಟ್ಟೆಗೆ ಇನ್ನಷ್ಟು ಬಡಿಸಿದೆ.

ಜೂನ್ 11, ಭಾನುವಾರ
ಪಾದ್ರಿ ರೊಟ್ಟಿ–ಮೀನಿನ ಕಥೆ ಹೇಳಿದರು. ಎಲ್ಲರೂ ಉಂಡ ಮೇಲೆ ಮಿಕ್ಕ ಚೂರನ್ನೂ ಬುಟ್ಟಿಗೆ ತುಂಬಿದರಂತೆ. ಪ್ರಭುವಿಗೆ ಪೋಲು ಸೇರದು. ನಾವು ನೆಲಕ್ಕೆ ಚೆಲ್ಲಿದ್ದನ್ನು ಗುಡಿಸಿ, ನೀರಿನ ಬಕೆಟ್ಟಿಗೆ ಹಾಕಿ, ಸುಡುತ್ತೇವೆ. ದಿನಾ.

ಜೂನ್ 16, ಶುಕ್ರವಾರ
ಬುಧವಾರ ಪಿಸ್ತೂಲಿನ ಮದ್ದು ತುಂಬಿದೆವು. ಗುಡಿಸುವಾಗ ಎರಡು ಹಿಡಿ ಬ್ರೆಡ್ಡಿನ ಡಬ್ಬಿಗೆ ಹಾಕಿಕೊಂಡೆ. ಇವತ್ತು ರೈಫಲ್ಲಿನದು, ಮತ್ತೆ ಎರಡು ಹಿಡಿ. ಎರಡೂ ಬೂದು ಬಣ್ಣ, ಸಾಸಿವೆಗಿಂತ ಸಣ್ಣ. ಬುಧವಾರದ್ದು ಜಾಡಿಯ ತಳಕ್ಕೆ, ಇವತ್ತಿನದು ಮೇಲಕ್ಕೆ.

ಕಳ್ಳತನವೇ? ಸುಡಲಿಕ್ಕಿಟ್ಟದ್ದು ಯಾರ ಸ್ವತ್ತು?

ಜೂನ್ 24, ಶನಿವಾರ
ಜಾಡಿ ತುಂಬಿತು. ಡಾರಿಲ್ ಬೆಳಕಿಗೆ ಹಿಡಿದು ನೋಡಿದ.
"ಎಲ್ಲಾ ಒಂದೇ ಜಾತಿದಾ?"
"ಹೂಂ. ನೀನು ಹಾಕೋದೇ."
"ಬೇರೆ ಯಾರಾದ್ರೂ ಕೊಟ್ಟಿದ್ರೆ ಗೊಬ್ಬರ ಅಂತ ಗುಲಾಬಿ ಗಿಡಕ್ಕೆ ಸುರೀತಿದ್ದೆ. ನೀನು ಸುಳ್ಳು ಹೇಳೋಳಲ್ಲ ಬಿಡು."

ಜೂನ್ 28, ಬುಧವಾರ
ನಾಲ್ಕು ನರಿ ಬಿದ್ದವು. ಸ್ತೋತ್ರ.

ಜುಲೈ 6, ಗುರುವಾರ
ಬರೆಯಲಾಗಿರಲಿಲ್ಲ. ಸೋಮವಾರ ಮುಂಜಾನೆ ಡಾರಿಲ್‌ನ ರೈಫಲ್ಲು ಅವನ ಕೆನ್ನೆಯ ಹತ್ತಿರವೇ ಸಿಡಿಯಿತು. ಬಲಗಣ್ಣು ಹೋಯಿತು. ಎಡಗೈಯ ಮೂರು ಬೆರಳು. ಹೆಲಿಕಾಪ್ಟರ್‌ನಲ್ಲಿ ಮೆಲ್ಬರ್ನಿಗೆ ಒಯ್ದರು. ಪೊಲೀಸರು ಕೇಳಿದ್ದಕ್ಕೆ, ತನ್ನದೇ ಹಳೇ ಮದ್ದು ಅಂದನಂತೆ, ಅವನ ಹೆಂಡತಿ ಟ್ರೂಡಿ ಹೇಳಿದಳು. ನನ್ನ ಹೆಸರು ಎತ್ತಲಿಲ್ಲ.

ಮೇಲ್ವಿಚಾರಕಿ ನೋರೀನ್‌ಳನ್ನು ಸುಮ್ಮನೆ ಕೇಳುವ ಹಾಗೆ ಕೇಳಿದೆ — ಗುಡಿಸಿದ್ದನ್ನು ಯಾಕೆ ಸುಡೋದು?

"ಇಷ್ಟು ವರ್ಷ ಆದ್ಮೇಲೆ ಕೇಳ್ತೀಯಲ್ಲೇ. ನೆಲಕ್ಕೆ ಬಿದ್ದದ್ದಕ್ಕೆ ಹೆಸರಿಲ್ಲ. ಪಿಸ್ತೂಲಿಂದು ಭಗ್ಗಂತ ಉರಿಯತ್ತೆ. ಅದು ರೈಫಲ್ಲಿಗೆ ಹೋದ್ರೆ ಕೋವಿ ಅಲ್ಲ, ಬಾಂಬು."

ಹೌದಾ ಅಂದೆ. ಡ್ರಮ್ಮಿನ ಮುಚ್ಚಳ ಬಿಗಿದೆ.

ಜುಲೈ 15, ಶನಿವಾರ
ಆಸ್ಪತ್ರೆಗೆ ಹೋಗಿದ್ದೆ. ಮುಖವೆಲ್ಲ ಬಟ್ಟೆ.
"ನನ್ನ ಕೈಯೇ ತಪ್ಪಿತು ಅಕ್ಕಾ. ಒಂದೇ ತೋಟಾಕ್ಕೆ ಎರಡು ಸಲ ಸುರಿದಿರ್ಬೇಕು. ಅಪ್ಪ ಕಲಿಸಿದ ಕೆಲಸ... ಹಾಳು ಮಾಡ್ದೆ."

ಬಾಯಿ ತೆರೆದೆ. ನರ್ಸ್ ಬಂದಳು. ಕುರ್ಚಿ ಸರಿಸಿ ಜಾಗ ಕೊಟ್ಟೆ.

ಹೊರಡುವಾಗ ಅವನೇ ಅಂದ: "ಉಳಿದ ಮದ್ದು ಪಕ್ಕದ ಜಮೀನಿನ ನೆವಿಲ್‌ಗೆ ಕೊಡೋಕೆ ಟ್ರೂಡಿಗೆ ಹೇಳಿದೀನಿ. ನಾಳೆ ಬರ್ತಾನೆ. ಮದ್ದಿಂದೇನು ತಪ್ಪು, ಪಾಪ."

ಉಳಿದದ್ದು ತಳದ್ದು. ಪಿಸ್ತೂಲಿನದು.

ಜುಲೈ 16, ಭಾನುವಾರ. ಬೆಳಿಗ್ಗೆ 9
ಚರ್ಚಿಗೆ ಹೋಗಲಿಲ್ಲ. ಬೆಳಕಾಗುತ್ತಲೇ ಡಾರಿಲ್‌ನ ಶೆಡ್ಡಿಗೆ ಹೋದೆ. ಜಾಡಿ ಅಲ್ಲೇ ಇತ್ತು. ಗುಲಾಬಿ ಗಿಡದ ಬುಡಕ್ಕೆ ಸುರಿದೆ. ಮೇಲೆ ನೀರು ಹೊಯ್ದೆ. ಇಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನೂ ಯೋಚಿಸಿದೆ.

ಟ್ರೂಡಿ ಬಾಗಿಲಲ್ಲಿ ನಿಂತಿದ್ದಳು. "ಒಳ್ಳೇ ಮದ್ದು ಯಾಕೆ ಚೆಲ್ತೀರಾ ಅತ್ತಿಗೆ? ಎಲ್ಲೂ ಸಿಗಲ್ಲ ಅದು."

ಹೇಳಿದೆ. ಬೈಯಲಿಲ್ಲ. ಒಳಗೆ ಹೋಗಿ ಫೋನು ತಂದು, ಆಸ್ಪತ್ರೆಯ ನಂಬರು ಒತ್ತಿ, ನನ್ನ ಕೈಗಿಟ್ಟಳು. "ನಂಗಲ್ಲ. ಅವ್ರಿಗೆ ಹೇಳಿ."

"ಏನಕ್ಕಾ, ಚರ್ಚಿಗೆ ಚಕ್ಕರ್ರಾ?" ಅಂದ ಡಾರಿಲ್, ನನ್ನ ದನಿ ಕೇಳಿ.

ನಿನ್ನ ಕೈ ತಪ್ಪಿಲ್ಲ ಕಣೋ ಅಂದೆ. ಪೂರ್ತಿ ಹೇಳಿದೆ. ಬುಧವಾರ, ಶುಕ್ರವಾರ, ಎಲ್ಲ. ಡಾರಿಲ್ ಅಂದ: "ಹಾಗಾದ್ರೆ ಅಪ್ಪ ಕಲಿಸಿದ್ದನ್ನ ನಾನು ಹಾಳು ಮಾಡಿಲ್ಲ. ಉಳಿದದ್ದು ನೆವಿಲ್‌ಗೆ ಕೊಡ್ಬೇಡ, ಗುಲಾಬಿಗೆ ಸುರಿ." ಸುರಿದಾಯ್ತು ಅಂದೆ.